ಮಾಸ್ಟರ್ ಅಬಾಕಾ ತಿದ್ದಿದ ಆಂಪ್

ಕೊನೆಯ ತಿರುಪು ಸಡಿಲಗೊಂಡು ಹಿಂಬದಿಯ ಹಲಗೆ ಕೈಗೆ ಬಂದಾಗ ಅರಬಾಳಿಗೆ ಮೊದಲು ತಾಗಿದ್ದು ವಾಸನೆ. ಕಾದು ಆರಿದ ಧೂಳು, ಬೆಸುಗೆಯ ರಾಳ, ಹಳೆಯ ಮೇಣ. ಚಿಕ್ಕವಳಿದ್ದಾಗ ಸ್ಕೂಲು ಬಿಟ್ಟು ಬಂದು ಅಪ್ಪನ ರೇಡಿಯೋ ರಿಪೇರಿ ಅಂಗಡಿಯ ಬಾಗಿಲು ನೂಕಿದರೆ ಮುಖಕ್ಕೆ ಬಡಿಯುತ್ತಿದ್ದದ್ದು ಇದೇ ವಾಸನೆ. ಅದು ಅಪ್ಪನ ಅಂಗಿಯಲ್ಲಿತ್ತು, ತಲೆಗೂದಲಲ್ಲಿತ್ತು, ಭಾನುವಾರ ಚರ್ಚಿಗೆ ಹೊರಟಾಗ ಅಮ್ಮ ಅವನ ಕುತ್ತಿಗೆಗೆ ಬಳಿಯುತ್ತಿದ್ದ ಪೌಡರಿನ ಕೆಳಗಿನಿಂದಲೂ ಇಣುಕುತ್ತಿತ್ತು. ಈಗ ಹಜಾರದಲ್ಲಿ ಹಿತ್ತಾಳೆಯ ಮಂಚದ ಮೇಲೆ ಹೊಸ ಬಟ್ಟೆ ಹೊದ್ದು ಮಲಗಿರುವ ಅಪ್ಪನ ಮೈಯಲ್ಲಿ ಮಾತ್ರ ಅದು ಇರಲಿಲ್ಲ. ಯಾರೋ ಧಾರಾಳವಾಗಿ ಸೆಂಟು ಸುರಿದಿದ್ದರು.

ಅವಳು ಹಿತ್ತಿಲ ಜಗಲಿಯ ಬೆಂಚಿನ ಮೇಲಿದ್ದ ಆಂಪ್ಲಿಫೈಯರಿನ ಒಳಗೆ ಇಣುಕುತ್ತಿದ್ದಾಗಲೇ ಅಬಾ ಆಂಟಿ ಸೌಟು ಹಿಡಿದುಕೊಂಡು ಬಂದಳು. ಅಬಾ ಆಂಟಿ ಪಕ್ಕದ ಮನೆಯವಳು. ಸಾವಿರಲಿ, ನಾಮಕರಣವಿರಲಿ, ಆ ಬೀದಿಯಲ್ಲಿ ಒಲೆಯ ಯಜಮಾನಿಕೆ ಅವಳದೇ.

"ಹಜಾರದಲ್ಲಿ ಜನ ಸಾಲುಗಟ್ಟಿ ನಿಂತ್ಕೊಂಡು ಮಗಳೆಲ್ಲಿ ಮಗಳೆಲ್ಲಿ ಅಂತಿದಾರೆ. ನೀನಿಲ್ಲಿ ಡಬ್ಬ ಬಿಚ್ಕೊಂಡು ಕೂತಿದೀಯಲ್ಲೇ!"

"ಅತ್ತು ಬಂದೆ ಆಂಟಿ. ಆಮೇಲೆ ಹೋಗಿ ಮತ್ತೆ ಅಳ್ತೀನಿ. ಸ್ವಲ್ಪ ತಡೀರಿ."

"ಅಳೋದಕ್ಕೂ ರಜಾ ತಗೋತಾರೇನೇ," ಎಂದು ಗೊಣಗಿದರೂ ಅಬಾ ಆಂಟಿ ಒಳಗೆ ಹೋಗಿ ಒಂದು ಖಾಲಿ ಹಿಟ್ಟಿನ ಚೀಲ ತಂದು, ಅರಬಾಳ ಮಡಿಲ ಮೇಲೆ ಹರವಿದಳು. ಸಾವಿಗೆಂದು ಉಟ್ಟ ಕಪ್ಪು ಬಟ್ಟೆಗೆ ಧೂಳು ಹತ್ತದಿರಲಿ ಎಂದು.

ಆಂಪಿನ ಗಲಾಟೆ ಶುರುವಾಗಿದ್ದು ಬೆಳಿಗ್ಗೆ. ಆಗ ಇನ್ನೂ ಕರೆಂಟ್ ಇತ್ತು. ಮಧ್ಯಾಹ್ನ ಮಣ್ಣು ಮಾಡಿ ಬಂದ ಮೇಲೆ ಬೀದಿಯಲ್ಲಿ ಹಾಕಿದ ಚಪ್ಪರದ ಕೆಳಗೆ ಬ್ಯಾಂಡು ನುಡಿಸಬೇಕಿತ್ತು. ಅದಕ್ಕೇ ಬ್ಯಾಂಡಿನವರು ಬೇಗ ಬಂದು ಸಾಮಾನು ಜೋಡಿಸಿ ನೋಡುತ್ತಿದ್ದರು. ಗಿಟಾರಿನವರು ಎಸುಮಾನ್. ಅರಬಾಳ ಅಮ್ಮನ ಸ್ವಂತ ಅಣ್ಣ. ಅವಳು ಅವರನ್ನು ಎಲ್ಲರೂ ಸೋದರಮಾವನನ್ನು ಕರೆಯುವ ಹಾಗೆ ವೋಫ ಎಂದೇ ಕರೆಯುತ್ತಿದ್ದಳು. ಕಡಲ ದಂಡೆಯ ಸೆಕೊಂಡಿ ಊರಿನ ಈ ಬೀದಿಗಳಲ್ಲಿ ಮದುವೆ, ಸಾವು, ಕ್ರಿಸ್‌ಮಸ್ ಯಾವುದು ನಡೆದರೂ ವೋಫ ಎಸುಮಾನ್ ಅವರ ಗಿಟಾರಿಲ್ಲದೆ ನಡೆದದ್ದಿಲ್ಲ. ಅವರು ನುಡಿಸಿದ್ದೆಲ್ಲ ಅಪ್ಪ ತಿದ್ದಿಕೊಟ್ಟ, ಗಾಜಿನ ವಾಲ್ವುಗಳ ಈ ಹಳೆಯ ಆಂಪಿನಲ್ಲೇ.

ವೋಫ ಎರಡು ಸಾಲು ನುಡಿಸಿ ಕೈ ನಿಲ್ಲಿಸಿದರು. ಆಂಪಿನ ಕಡೆ ತಲೆ ವಾಲಿಸಿದರು.

"ಸತ್ತುಹೋಗಿದೆ," ಅಂದರು.

"ಯಾವುದು ವೋಫ?" ಎಂದ ಫಿಫಿ. ಬ್ಯಾಂಡಿನ ಹಾಡುಗಾರ ಅವನು, ಈಗ ಅದರ ಮುಖಂಡನೂ ಅವನೇ.

"ಈ ಆಂಪು ಕಣೋ. ಕಂಬಳಿ ಹೊದ್ಕೊಂಡು ಮಾತಾಡಿದ ಹಾಗಿದೆ. ನಿಂಗೆ ಹಾಗನ್ನಿಸ್ತಿಲ್ವಾ?"

"ಏನು ಕಂಬಳಿ? ಗಂಟೆ ಬಾರಿಸ್ದ ಹಾಗಿದೆ. ಎಂದಿನ ಹಾಗೇ ಇದೆ."

ವೋಫ ಆಂಪಿನ ನೆತ್ತಿಯಲ್ಲಿದ್ದ, ದನಿಯನ್ನು ಹರಿತ ಮಾಡುವ ಟ್ರೆಬಲ್ ಗುಂಡಿಯನ್ನು ಪೂರ್ತಿ ತಿರುಗಿಸಿದರು. ಮತ್ತೆ ತಂತಿ ಮೀಟಿದರು. "ನೋಡು, ತುದಿಗೆ ತಿರುಗಿಸಿದ್ರೂ ಏನೂ ಇಲ್ಲ. ಸತ್ತಿದೆ."

"ನೀವು ತುದಿಗೆ ತಿರುಗಿಸ್ತೀರಲ್ಲ, ಅದೇ ನಮಗೆಲ್ಲ ಭಯ. ಶಾಮಾದ ಮದುವೆ ಮರ್ತುಹೋಯ್ತಾ?"

ಬ್ಯಾಂಡಿನವರು ನಕ್ಕರು. ಅರಬಾಳ ಅಪ್ಪ ಮಾಸ್ಟರ್ ಅಬಾಕಾ ಕಾಯಿಲೆ ಬಿದ್ದು, ಈ ಆಂಪು ಅಂಗಡಿಯಲ್ಲೇ ಉಳಿದಿದ್ದ ದಿನಗಳಲ್ಲಿ ಶಾಮಾ ಊರಿನ ಒಂದು ಮದುವೆಯಲ್ಲಿ ಬಾಡಿಗೆ ಆಂಪಿಟ್ಟು ನುಡಿಸಿದ್ದರು. ವೋಫ ಅದರ ಟ್ರೆಬಲ್ಲನ್ನು ತುದಿಗೆ ತಿರುಗಿಸಿ ಆನಂದವಾಗಿ ನುಡಿಸುತ್ತಿದ್ದರೆ ಜನ ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದರು. ಮದುಮಗಳ ಅಜ್ಜಿ ತನ್ನ ಕುರ್ಚಿ ಎತ್ತಿಕೊಂಡು ರಸ್ತೆಯ ಆಚೆ ಹೋಗಿ ಕೂತಿದ್ದಳು. ಬಾಡಿಗೆ ಆಂಪು ಸರಿಯಿರಲಿಲ್ಲ ಎಂದು ವೋಫ ಹೇಳಿದರು. ವಯಸ್ಸಾಗಿ ಹಟ ಹೆಚ್ಚಿದೆ ಎಂದು ಉಳಿದವರು ಹೇಳಿದರು.

ಆ ಮಾತು ಅಪ್ಪನ ಕುಲದ ಹಿರಿಯ ನಾನಾ ಆರ್ಹಿನ್ ಅವರ ಕಿವಿಗೂ ಬಿದ್ದಿತ್ತು. ಅವರು ಕೋಲೂರಿಕೊಂಡು ಬಂದು ನಿಂತರು.

"ಶವಪೆಟ್ಟಿಗೆ ತರೋದು ಮಕ್ಕಳ ಪಾಲು. ಸಾವಿನ ಉಳಿದ ಏರ್ಪಾಡೆಲ್ಲ ಕುಲದ್ದು. ನನ್ನ ಕುಲದವನ ಸಾವಿಗೆ ಬಂದೋರು ಕಿವಿ ಮುಚ್ಕೊಂಡು ಎದ್ದು ಹೋಗೋ ಹಾಗಾಗಬಾರದು. ಎಸುಮಾನ್, ಬೇಜಾರು ಮಾಡ್ಕೋಬೇಡಪ್ಪ. ಈ ಡಬ್ಬ ಸರಿಯಿದೆ ಅಂತ ನೀನೇ ಹೇಳಿದ್ರೆ ನುಡಿಸು. ಇಲ್ಲ ಅಂದ್ರೆ ಫಿಫಿ ಹತ್ರ ಕೀಬೋರ್ಡ್ ಹುಡುಗಿ ಇದಾಳೆ, ಅವಳು ನುಡಿಸ್ಲಿ."

ವೋಫ ಸತ್ತವನ ಹೆಂಡತಿಯ ಕಡೆಯವರು. ಈ ಸಾವಿನಲ್ಲಿ ಅವರೊಬ್ಬ ನೆಂಟರು, ಅಷ್ಟೆ. ಒಂದೊಂದೇ ತಂತಿಯನ್ನು ಬಟ್ಟೆಯಿಂದ ಒರೆಸಿ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಅರಬಾಳಿಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ನಿಮ್ಮಪ್ಪನಿಗೆ ನುಡಿಸದೇ ಹೋದ್ರೆ ಇನ್ಯಾರಿಗೆ ನುಡಿಸ್ಲಿ? ಸಾಯಂಕಾಲ ಈ ಗಿಟಾರನ್ನ ತಗೊಂಡ್ಹೋಗಿ ನೀನು ಬ್ರೆಡ್ಡು ಸುಟ್ಟು ಮಾರೋ ಒಲೆಗೆ ಹಾಕ್ಕೋ. ಒಣಗಿದ ಮರ, ಚೆನ್ನಾಗಿ ಉರಿಯುತ್ತೆ."

ಅಷ್ಟು ಹೊತ್ತಿಗೆ ಕರೆಂಟ್ ಹೋಯಿತು.

ಒಂದೇ ಆಂಪು. ಒಬ್ಬರಿಗೆ ಸತ್ತಿದೆ, ಮತ್ತೊಬ್ಬರಿಗೆ ಗಂಟೆಯ ಹಾಗಿದೆ. ಇಂಥ ಸುದ್ದಿ ಯಾರಾದರೂ ತಂದರೆ ಅಪ್ಪ ಊಟದ ತಟ್ಟೆ ಬಿಟ್ಟು ಏಳುತ್ತಿದ್ದ. ಅರಬಾ ಸ್ಕ್ರೂಡ್ರೈವರ್ ಹುಡುಕಿಕೊಂಡು ಹೋದಳು.

*

ಆ ಆಂಪು ಮೊದಲು ಮನೆಗೆ ಬಂದ ದಿನ ಅರಬಾಳಿಗೆ ಚೆನ್ನಾಗಿ ನೆನಪಿದೆ. ಟಾರ್ಚು ಹಿಡಿಯುವ ಕೆಲಸ ಅವಳದು. ಟಕೊರಾಡಿ ಬಂದರಿನಲ್ಲಿ ನಿಂತಿದ್ದ ಹಡಗೊಂದರ ಬ್ಯಾಂಡಿನವರಿಂದ ವೋಫ ಅದನ್ನು ಕೊಂಡು, ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದಿದ್ದರು.

"ಇದು ಗೊಣಗುತ್ತೆ ಅಬಾಕಾ. ನನ್ನ ಗಿಟಾರ್ ಮಾತಾಡ್ಬೇಕು."

"ಹೆಂಗೆ ಮಾತಾಡ್ಬೇಕು? ಯಾರ ಥರ?"

"ನಿನ್ನ ಹೆಂಡತಿ ಥರ ಅಂತೂ ಬೇಡ."

"ನನಗೆ ಕೇಳಿಸ್ತು!" ಎಂದು ಅಮ್ಮ ಅಡುಗೆಮನೆಯಿಂದ ಕೂಗಿದಳು. "ಇವತ್ತು ಸೂಪಲ್ಲಿ ನಿನ್ನ ಪಾಲಿಗೆ ಮೀನಿಲ್ಲ ಅಣ್ಣಾ!"

ವೋಫ ನಕ್ಕು, ಆಮೇಲೆ ನಿಜವಾಗಿಯೂ ಯೋಚಿಸಿ ಹೇಳಿದರು. "ಬೆಳಿಗ್ಗೆ ಮೀನಿನೋಳು ಬೀದಿಯ ಆ ತುದೀಲಿ ಕೂಗಿದ್ರೆ ಈ ತುದಿಗೆ ಕೇಳಿಸುತ್ತಲ್ಲ? ಆದ್ರೂ ತೊಟ್ಟಿಲಲ್ಲಿರೋ ಮಗು ಏಳಲ್ಲ. ಹಾಗೆ ಮಾತಾಡ್ಬೇಕು."

ಅಪ್ಪನ ಕಣ್ಣು ಅರಳಿತು. ಹಲಗೆ ಬಿಚ್ಚಿದ. ವಾಲ್ವ್ ಆಂಪು ಪ್ಲಗ್ಗು ಕಿತ್ತ ಮೇಲೂ ಮನುಷ್ಯನನ್ನು ಕೊಲ್ಲಬಲ್ಲದು. ಅದರ ದೊಡ್ಡ ಕಂಡೆನ್ಸರುಗಳು ಕರೆಂಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರುತ್ತವೆ. ಅದಕ್ಕೇ ಅಪ್ಪ ಒಳಗೆ ಕೈ ಹಾಕುವಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ, ದೊಡ್ಡವರ ಮುಂದೆ ಕಾಣಿಕೆ ಬಚ್ಚಿಟ್ಟುಕೊಂಡ ಹುಡುಗನ ಹಾಗೆ. ಎರಡೂ ಕೈ ಒಳಗೆ ಹೋದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ದಾಟುತ್ತದೆ. ತಂತಿ ಕಟ್ಟಿದ ಸ್ಕ್ರೂಡ್ರೈವರಿನಿಂದ ಕಂಡೆನ್ಸರನ್ನು ಮುಟ್ಟಿ, ಚಟ್ ಎಂದು ಕಿಡಿ ಹಾರಿದ ಮೇಲೆಯೇ ಕೆಲಸ.

ಗೊಣಗಾಟಕ್ಕೆ ಕಾರಣವಾಗಿದ್ದ ದಪ್ಪ ಕಂಡೆನ್ಸರೊಂದನ್ನು ಕಿತ್ತು, ಕೆಟ್ಟ ರೇಡಿಯೋದಿಂದ ತೆಗೆದ ಸಣ್ಣದನ್ನು ಬೆಸೆದ. ವೋಫ ಎರಡು ಸಾಲು ನುಡಿಸಿದರು. ಅಪ್ಪ ತಲೆಯಾಡಿಸಿ ಇನ್ನೂ ಸಣ್ಣದನ್ನು ಹಾಕಿದ. ಮತ್ತೆ ಅದೇ ಎರಡು ಸಾಲು. ಒಂದೊಂದು ಸಲವೂ ಅಪ್ಪ ಆಂಪಿನ ಹತ್ತಿರ ನಿಲ್ಲದೆ ಬೀದಿಯ ತುದಿಗೆ ಓಡಿಹೋಗಿ ಕೇಳಿ ಬರುತ್ತಿದ್ದ. ಮಧ್ಯಾಹ್ನವಿಡೀ ಹೀಗೇ ನಡೆಯಿತು.

"ಎಸುಮಾನ್, ಮುಂದಿನ ಸಾಲು ಬರಲ್ವೇನೋ ನಿಂಗೆ?" ಎಂದು ಅಬಾ ಆಂಟಿ ಬೇಲಿಯ ಆಚೆಯಿಂದ ಕೂಗಿದಳು.

ಕೊನೆಗೆ ಅಪ್ಪ ಬೀದಿಯ ತುದಿಯಿಂದ ಬೆವರುತ್ತಾ ಬಂದು ಹೇಳಿದ: "ಕೇಳಿಸ್ತು. ಮಗು ಎದ್ದಿಲ್ಲ."

ಬೆಸುಗೆ ಆರಲು ಬಿಟ್ಟು, ಟಾರ್ಚು ಹಿಡಿದು ಸೋತಿದ್ದ ಮಗಳ ತೋಳು ಉಜ್ಜುತ್ತಾ ಅಂದ, "ಡಬ್ಬಕ್ಕೆ ಕಿವಿ ಇಲ್ಲ ಅರಬಾ. ಕೇಳೋರು ಯಾರು, ಎಲ್ಲಿ ಕೂತಿರ್ತಾರೆ ಅಂತ ನೋಡ್ಕೊಂಡು ತಿದ್ದಬೇಕು."

*

ಅರಬಾ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಸ್ಕ್ರೂಡ್ರೈವರ್ ಮುಟ್ಟಿಸಿದಳು. ಚಟ್ ಎಂದಿತು.

ಒಳಗೆಲ್ಲ ಅಪ್ಪನ ಕೈಬರಹದ ಹಾಗಿತ್ತು. ತಂತಿಗಳನ್ನು ಅವನು ಮೂಲೆಯಲ್ಲಿ ಮಡಿಸುತ್ತಿದ್ದ ರೀತಿ, ಬೆಸುಗೆಯ ಪ್ರತಿ ಹನಿಯೂ ಗುಂಡಗೆ ಹೊಳೆಯುವ ರೀತಿ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ ಇತ್ತು. ದೊಡ್ಡ ಸ್ಪೀಕರಿಗೆ ಹೋಗುವ ದಾರಿಯಲ್ಲಿ ಎರಡು ಸಣ್ಣ ಹಳದಿ ತಂತಿಗಳು ಕವಲೊಡೆದು ಪೆಟ್ಟಿಗೆಯ ಹಿಂಬದಿಯ ಮೇಲಂಚಿಗೆ ಹೋಗಿದ್ದವು. ಅಲ್ಲಿ, ಹೊರಗಿನಿಂದ ನೋಡಿದರೆ ಬರೀ ಬಟ್ಟೆಯ ಪಟ್ಟಿಯೆಂದು ಕಾಣುವ ಜಾಗದಲ್ಲಿ, ಅಂಗೈಯಗಲದ ಒಂದು ಸ್ಪೀಕರ್ ಇತ್ತು. ಹಳೆಯ ಟ್ರಾನ್ಸಿಸ್ಟರಿನದು. ಗೂಡಿನಲ್ಲಿರುವ ಹಕ್ಕಿಮರಿಯ ಹಾಗೆ ಮುಖ ಮೇಲಕ್ಕೆತ್ತಿ ಕೂತಿತ್ತು. ಒಂದು ಹಳದಿ ತಂತಿ ಬೆಸುಗೆ ಬಿಟ್ಟು ನೇತಾಡುತ್ತಿತ್ತು. ನಿನ್ನೆ ಅಂಗಡಿಯಿಂದ ತರುವಾಗ ಲಾರಿಯಲ್ಲಿ ಆಂಪು ಮಗುಚಿದ್ದನ್ನು ಅವಳೇ ನೋಡಿದ್ದಳು.

ಅದಕ್ಕಿಂತ ವಿಚಿತ್ರ ಟ್ರೆಬಲ್ ಗುಂಡಿಯದು. ಅದರ ಮೊದಲಿನ ತಂತಿಗಳನ್ನು ಅಪ್ಪ ಕತ್ತರಿಸಿ, ತುದಿಗಳಿಗೆ ಮೇಣ ಹಚ್ಚಿ ಅಚ್ಚುಕಟ್ಟಾಗಿ ಮಲಗಿಸಿದ್ದ. ಗುಂಡಿಯ ಸಂಬಂಧ ಈಗ ಆ ಸಣ್ಣ ಸ್ಪೀಕರಿಗೆ ಮಾತ್ರ. ಅದನ್ನು ಎಷ್ಟು ತಿರುಗಿಸಿದರೂ ಎದುರಿಗೆ ಕೂತವರಿಗೆ ಏನೂ ವ್ಯತ್ಯಾಸವಾಗುವಂತಿರಲಿಲ್ಲ.

ಕೆಲಸ ಗೊತ್ತಿದ್ದ ಯಾರಾದರೂ ಹೀಗೆ ಮಾಡುತ್ತಾರೆಯೇ? ಅವಳು ಮಂಡಿಯೂರಿ ಆ ಮರಿ ಸ್ಪೀಕರ್ ಯಾವ ಕಡೆ ನೋಡುತ್ತಿದೆ ಎಂದು ನೋಡಿದಳು. ಆಂಪಿನ ಹಿಂದೆ, ಸ್ವಲ್ಪ ಎಡಕ್ಕೆ, ಕೂತ ಮನುಷ್ಯನ ತಲೆಯೆತ್ತರಕ್ಕೆ. ವೋಫ ಎಲ್ಲೇ ನುಡಿಸಲಿ, ಅವರು ಕೂರುವ ಜಾಗ ಅದೇ. ಅವರ ಕುರ್ಚಿಯನ್ನು ಅಪ್ಪ ತಾನೇ ಹಾಕುತ್ತಿದ್ದ. ಹಾಕಿ, ಬೆರಳಗಲ ಆಚೆ, ಬೆರಳಗಲ ಈಚೆ ಸರಿಸುತ್ತಿದ್ದ. "ನಿಮ್ಮಪ್ಪ ಕುರ್ಚಿಗೂ ಶ್ರುತಿ ಮಾಡ್ತಾನೆ" ಎಂದು ವೋಫ ತಮಾಷೆ ಮಾಡುತ್ತಿದ್ದರು.

ಅಮ್ಮ ಒಳಕೋಣೆಯಲ್ಲಿ ಚಾಪೆಯ ಮೇಲೆ ಹೆಂಗಸರ ನಡುವೆ ಕೂತಿದ್ದಳು. ಅರಬಾ ಬಗ್ಗಿ ಕಿವಿಯಲ್ಲಿ ಹೇಳಿದಳು. ಅಮ್ಮ ಕಿಟಕಿಯಾಚೆ ನೋಡಿದಳು. ಬೇವಿನ ಮರದ ಕೆಳಗೆ ಅವಳ ಅಣ್ಣ ಗಿಟಾರಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ನೆರಳು ಸರಿದಿದ್ದರಿಂದ ಬೇರೆಯವರ ಮಗುವೊಂದು ಅವರ ಪಕ್ಕ ಕೊಡೆ ಹಿಡಿದು ನಿಂತಿತ್ತು.

"ನೋಡ್ಬಿಟ್ಯಾ ಹಾಗಾದ್ರೆ," ಎಂದಳು ಅಮ್ಮ.

"ನಿಂಗೆ ಗೊತ್ತಿತ್ತಾ?"

"ಜೀರುಂಡೆ," ಎಂದಳು ಅಮ್ಮ.

*

ಕೆಲವು ವರ್ಷಗಳ ಹಿಂದೆ, ಮಳೆ ನಿಂತ ಮೇಲಿನ ಒಂದು ಸಂಜೆ. ಅಬಾಕಾ, ಅವನ ಹೆಂಡತಿ ಎಕುವಾ, ಅವಳ ಅಣ್ಣ ಎಸುಮಾನ್ ಮೂವರೂ ಜಗಲಿಯಲ್ಲಿ ಕೂತಿದ್ದರು. ಕಡಲೆಕಾಯಿ ಬಿಡಿಸುತ್ತಿದ್ದರು. ಬೇಲಿಯ ತುಂಬ, ಹುಲ್ಲಿನ ತುಂಬ ಜೀರುಂಡೆಗಳು ಚೀರುತ್ತಿದ್ದವು. ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ದನಿ ಏರಿಸಬೇಕಾಗಿತ್ತು.

ಎಸುಮಾನ್ ಕತ್ತಲಾಗುತ್ತಿದ್ದ ಹಿತ್ತಿಲನ್ನು ನೋಡಿ, "ಈ ವರ್ಷ ಜೀರುಂಡೆಗಳೇ ಇಲ್ಲ, ಗಮನಿಸಿದ್ಯಾ ಅಬಾಕಾ?" ಎಂದರು. "ಯಾರೋ ಮದ್ದು ಹೊಡ್ದಿರ್ಬೇಕು. ಎಷ್ಟು ಚೆನ್ನಾಗಿ ಹಾಡ್ತಿದ್ವು ಮೊದಲು."

ಎಕುವಾ ಬಾಯಿ ತೆರೆದಳು. ಅಬಾಕಾ ಅವಳ ಮಂಡಿಯ ಮೇಲೆ ಕೈಯಿಟ್ಟ.

"ಹೌದು," ಎಂದ. "ಈ ವರ್ಷ ಕಮ್ಮಿ."

ಮಾರನೆಯ ದಿನವೇ ಅವನು ಭಾವಮೈದುನನ ಮನೆಗೆ ಹೋಗಿ ಆಂಪು ಎತ್ತಿಕೊಂಡು ಬಂದ. ಧೂಳು ತೆಗೆದು ಕೊಡುತ್ತೇನೆ ಎಂದಿದ್ದ. ಅಂಗಡಿಯ ಬಾಗಿಲು ಹಾಕಿಕೊಂಡು ಎಷ್ಟೋ ಹೊತ್ತು ಕೂತ. ಹಿಂದಿರುಗಿಸಿದ ದಿನ ಎಸುಮಾನ್ ಎರಡು ಸಾಲು ನುಡಿಸಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು.

"ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ಯೋ? ಎಳೇ ವಯಸ್ಸಲ್ಲಿ ಹೀಗೆ ಕೇಳಿಸ್ತಿತ್ತು ನನ್ನ ಗಿಟಾರು. ಏನು ಮಾಡ್ದೆ?"

"ಧೂಳು ಜಾಸ್ತಿ ಇತ್ತು," ಎಂದಿದ್ದ ಅಬಾಕಾ.

*

"ಆಸ್ಪತ್ರೆಗೆ ಕರ್ಕೊಂಡ್ಹೋಗು, ಕೀಚಲು ದನಿ ನಿನ್ನ ಕಿವಿಗೆ ಬೀಳ್ತಿಲ್ಲ ಅಂತ ಅಣ್ಣನಿಗೆ ಹೇಳು ಅಂದೆ," ಎಂದಳು ಅಮ್ಮ ಪಿಸುದನಿಯಲ್ಲಿ. "ಹೇಳ್ತೀನಿ, ಈ ಹಬ್ಬ ಒಂದು ನುಡಿಸ್ಲಿ ಅಂದ ನಿಮ್ಮಪ್ಪ. ಆಮೇಲೆ ಇನ್ನೊಂದು ಹಬ್ಬ ಬಂತು. ನಾನೂ ಬಾಯಿಬಿಡ್ಲಿಲ್ಲ. ಅಣ್ಣನ ಮುಖ ನೋಡಿದ್ರೆ ಹೇಳಕ್ಕೆ ಆಗ್ತಿರ್ಲಿಲ್ಲ ಕಣೇ." ಮೂಗು ಒರೆಸಿಕೊಂಡಳು. "ಸರಿ ಮಾಡಕ್ಕಾಗುತ್ತಾ ನಿನ್ನ ಕೈಲಿ?"

"ಒಂದು ತಂತಿ ಬೆಸೆಯೋದು, ಅಷ್ಟೆ. ಕರೆಂಟಿಲ್ವಲ್ಲ. ಜನರೇಟರ್ ಹಚ್ಚೋದು ಮಣ್ಣು ಮಾಡಿ ಬಂದ್ಮೇಲೇ ಅಂತ ನಾನಾ ಆರ್ಹಿನ್ ಹೇಳಿದಾರೆ."

"ಕೆಂಡದಲ್ಲಿ ಕಾಯ್ಸೋದು ಒಂದಿತ್ತಲ್ಲ, ತಾಮ್ರದ ಮೂತಿದು? ನನ್ನ ಮಂಚದ ಕೆಳಗಿನ ಡಬ್ಬಿ ನೋಡು."

ಹಿತ್ತಿಲಲ್ಲಿ ಹೆಂಗಸರು ಸಾಲಾಗಿ ಇದ್ದಿಲೊಲೆ ಹಚ್ಚಿಕೊಂಡು ಮೀನು ಕರಿಯುತ್ತಿದ್ದರು. ಅರಬಾ ಹೋಗಿ ಒಂದು ಒಲೆಯ ಕೆಂಡದೊಳಗೆ ಬೆಸುಗೆ ಕಬ್ಬಿಣದ ತಾಮ್ರದ ಮೂತಿ ಹುಗಿದಳು.

"ಇದ್ಯಾವ ಮೀನೇ ಇದು?" ಎಂದಳೊಬ್ಬಳು.

"ಬರೀ ಮುಳ್ಳು. ಮಾಂಸಾನೇ ಇಲ್ಲ."

"ಮಾಸ್ಟರ್ ಮನೆ ಮೀನು ಅಲ್ವಾ? ಹಾಗೇ ಇರುತ್ತೆ. ಈರುಳ್ಳಿ ಹಾಕ್ಲಾ ಇದಕ್ಕೆ?"

ಅರಬಾಳಿಗೂ ನಗು ಬಂತು. ಬೆಳಗಿನಿಂದ ಅದೇ ಮೊದಲ ನಗು. ಮೂತಿ ಕೆಂಪಾದ ಕೂಡಲೇ ಎತ್ತಿಕೊಂಡು ಜಗಲಿಗೆ ಓಡಿದಳು. ಅಲ್ಲಿ ಮುಟ್ಟುವಷ್ಟರಲ್ಲಿ ಅದು ಆರಿತ್ತು. ಬೆಸುಗೆ ಕರಗದೆ ಅಂಟಂಟಾಗಿ ನಿಂತಿತು. ಮತ್ತೆ ಓಡಿದಳು, ಮತ್ತೆ ಆರಿತು. ಚರ್ಚಿಗೆ ಹೊರಡುವ ಹೊತ್ತಾಗುತ್ತಿತ್ತು. ಹಜಾರದಲ್ಲಿ ಯಾರೋ ಕೀರ್ತನೆ ಎತ್ತಿಕೊಂಡಿದ್ದರು.

ಮೂರನೆಯ ಸಲ ಅವಳು ತಿರುಗಿದಾಗ ಎದುರಿಗೆ ಅಬಾ ಆಂಟಿ ಬರುತ್ತಿದ್ದಳು. ಬಾಣಲೆ ಇಳಿಸಿಟ್ಟು, ಕಾದ ಒಲೆಯನ್ನೇ ಬಟ್ಟೆಯ ಸಿಂಬಿಯಲ್ಲಿ ಹಿಡಿದು ಎತ್ತಿಕೊಂಡು ಬಂದಿದ್ದಳು. ಆಂಪಿನ ಪಕ್ಕ ಕುಕ್ಕಿದಳು.

"ನೀನು ಆ ಕಡೆ ಈ ಕಡೆ ಓಡೋದು ನೋಡಿ ನನ್ನ ಮೀನು ಸೀದುಹೋಯ್ತು. ಕೂತ್ಕೊಂಡು ಮಾಡು."

"ಏನು ಮಾಡ್ತಿದೀನಿ ಅಂತ ಕೇಳಲ್ವಾ ಆಂಟಿ?"

"ನಿಮ್ಮಪ್ಪನ್ನೂ ಯಾವತ್ತೂ ಕೇಳಿಲ್ಲ. ಕೇಳಿದ್ರೆ ಹೇಳಿ ಹೇಳಿ ಸಾಯಿಸ್ತಿದ್ದ." ಅವಳು ಬೀಸಣಿಗೆ ತೆಗೆದುಕೊಂಡು ಕೆಂಡಕ್ಕೆ ಗಾಳಿ ಹಾಕತೊಡಗಿದಳು.

ರಾಳದ ಬಿಳಿ ಹೊಗೆ ಎದ್ದಿತು. ಬೆಸುಗೆ ಹನಿಯಾಗಿ ಹರಿದು ತಂತಿಯನ್ನು ಹಿಡಿದುಕೊಂಡಿತು. ಅಪ್ಪನ ಹನಿಗಳಷ್ಟು ಗುಂಡಗೆ ಇರಲಿಲ್ಲ. ಅರಬಾ ಉಸಿರು ಬಿಡುವುದರೊಳಗೆ ಹಿಂದಿನಿಂದ ವೋಫ ಅವರ ದನಿ ಕೇಳಿಸಿತು.

"ಏನಾಗಿತ್ತೇ ಅದಕ್ಕೆ?"

ಅವಳು ಹಲಗೆಯನ್ನು ಎತ್ತಿ ಅಡ್ಡ ಹಿಡಿದಳು. "ಧೂಳು, ವೋಫ. ಧೂಳು ಜಾಸ್ತಿ ಇತ್ತು."

"ನಿಮ್ಮಪ್ಪನೂ ಹಾಗೇ ಅಂತಿದ್ದ," ಎಂದರು ವೋಫ. "ಸರಿ, ನೋಡೋಣ," ಎಂದು ಹೋದರು. ನಂಬಿದ ಹಾಗೆ ಕಾಣಲಿಲ್ಲ.

*

ಚರ್ಚಿನಲ್ಲಿ ಪಾದ್ರಿಗಳು ಅಪ್ಪನ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದರು. ಅರಬಾ ಬೆಸುಗೆಯ ಬಗ್ಗೆ ಯೋಚಿಸಿದಳು. ಹನಿ ಮಂಕಾಗಿತ್ತೇ, ಹೊಳೆಯುತ್ತಿತ್ತೇ? ಮಂಕಾಗಿದ್ದರೆ ಮೇಲೆ ಮಾತ್ರ ಅಂಟಿಕೊಂಡಿರುತ್ತದೆ, ಒಳಗೆ ಹಿಡಿದಿರುವುದಿಲ್ಲ. ಪರೀಕ್ಷಿಸಲು ಕರೆಂಟಿರಲಿಲ್ಲ. ಗೋರಿಯ ಬಾಯಿಗೆ ಮಣ್ಣು ಬೀಳುವ ಸದ್ದು ಕೇಳಿದಾಗ ಮಾತ್ರ ಅವಳು ಆ ಯೋಚನೆ ಬಿಟ್ಟು ಅತ್ತಳು. ತಡೆದಿಟ್ಟಿದ್ದ ಅಳುವೆಲ್ಲ ಒಟ್ಟಿಗೇ ಬಂತು. ಅಮ್ಮನೇ ಅವಳ ಬೆನ್ನು ಸವರಬೇಕಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಚಪ್ಪರದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದವು. ಜನರೇಟರ್ ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಆಂಪಿನ ಹಿಂದೆ ವೋಫ ಅವರ ಕುರ್ಚಿಯನ್ನು ಯಾರೋ ಹಾಕಿದ್ದರು. ಅರಬಾ ಹೋಗಿ ಅದನ್ನು ಎಡಕ್ಕೆ ಎಳೆದು, ಬೆರಳಗಲ ಆಚೆ ಸರಿಸಿ, ಮತ್ತೆ ಒಂದಿಷ್ಟು ಈಚೆ ತಂದಳು. ವಾಲ್ವುಗಳು ಕೆಂಪಾಗುವ ತನಕ ಕಾಯಬೇಕಿತ್ತು. ನಾನಾ ಆರ್ಹಿನ್ ಮುಂದಿನ ಸಾಲಿನಲ್ಲಿ ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದರು. ಅವರ ಹಿಂದೆ ಕೀಬೋರ್ಡ್ ಹುಡುಗಿ ಬೆರಳು ಚಟಚಟಿಸಿಕೊಳ್ಳುತ್ತಾ ಸಿದ್ಧಳಾಗಿ ನಿಂತಿದ್ದಳು.

ವೋಫ ಗಿಟಾರಿನ ಪೆಟ್ಟಿಗೆಯ ಚಿಲಕ ತೆಗೆದರು. ಎರಡು ಸಾಲು ನುಡಿಸಿದರು. ನಿಲ್ಲಿಸಿದರು.

ಕೈ ಮುಂದಕ್ಕೆ ಚಾಚಿ ಟ್ರೆಬಲ್ ಗುಂಡಿಯನ್ನು ತಿರುಗಿಸಿದರು. ಇನ್ನೂ ತಿರುಗಿಸಿದರು. ಫಿಫಿ ಮೈಕಿನ ಹಿಂದೆ ಹೆಗಲು ಕುಗ್ಗಿಸಿ ಹಲ್ಲು ಕಚ್ಚಿಕೊಂಡ. ಗುಂಡಿ ತುದಿ ಮುಟ್ಟಿತು. ವೋಫ ಮತ್ತೆ ಅದೇ ಎರಡು ಸಾಲು ಮೀಟಿದರು.

ಚಪ್ಪರದ ಕೆಳಗೆ ಕೂತವರಿಗೆ ಕೇಳಿಸಿದ್ದು ಬೀದಿಯ ತುದಿಯವರೆಗೂ ಹೋಗುವ, ಆದರೂ ಯಾವ ಮಗುವನ್ನೂ ಎಬ್ಬಿಸದ ಆ ಹಳೆಯ ದನಿ.

ವೋಫ ಮಾತ್ರ ತಲೆ ತಗ್ಗಿಸಿಯೇ ಇದ್ದರು. ಆಮೇಲೆ ಮುಖವೆತ್ತಿ ಆರ್ಹಿನ್ ಅವರ ಕಡೆ ನೋಡಿದರು. "ಬಂತು," ಎಂದರು. "ನಾನಾ, ಬಂತು."

ಆರ್ಹಿನ್ ಕೋಲಿನಿಂದ ಗಲ್ಲ ಎತ್ತಿ, ನುಡಿಸು ಎಂಬಂತೆ ಅದನ್ನೇ ಒಮ್ಮೆ ನೆಲಕ್ಕೆ ಕುಟ್ಟಿದರು.

ಮೊದಲ ಹಾಡಿಗೇ ಹೆಂಗಸರು ಎದ್ದು ಬಂದರು. ಅಬಾ ಆಂಟಿ ಸೌಟು ಹಿಡಿದೇ ಕುಣಿದಳು. ಕೀಬೋರ್ಡ್ ಹುಡುಗಿ ತನಗೆ ಕೆಲಸವಿಲ್ಲವೆಂದು ತಿಳಿದು, ಒಳ್ಳೆಯ ಮನಸ್ಸಿನಿಂದಲೇ, ವೃದ್ಧರ ಕೈ ಹತ್ತಿರದಿಂದ ನೋಡೋಣವೆಂದು ಕುರ್ಚಿಯೊಂದನ್ನು ವೋಫ ಅವರ ಬೆನ್ನ ಹಿಂದೆ ಎಳೆದುಕೊಂಡು ಹೋದಳು. ಆಂಪಿಗೂ ವೋಫ ಅವರ ಹೆಗಲಿಗೂ ಗೆರೆ ಎಳೆದರೆ ಅದು ಮುಂದುವರಿದು ಮುಟ್ಟುವ ಜಾಗ ಅದು.

ಅಲ್ಲಿ ಕೂತವರಿಗೆ ಮರಿ ಸ್ಪೀಕರಿನ ಗುಟ್ಟು ಕೇಳಿಸಿಬಿಡುತ್ತದೆ ಎಂದು ಅರಬಾಳಿಗೆ ಆಗ ಹೊಳೆಯಿತು. ಆ ಜಾಗ ಎಂದೂ ಖಾಲಿ ಇರುತ್ತಿರಲಿಲ್ಲ. ಪ್ರತಿ ಮದುವೆಯಲ್ಲೂ, ಪ್ರತಿ ಸಾವಿನಲ್ಲೂ ಅಲ್ಲಿ ಅಪ್ಪ ತಲೆ ಓರೆ ಮಾಡಿಕೊಂಡು ಕೂತಿರುತ್ತಿದ್ದ. ತಾನು ತಿದ್ದಿದ ಆಂಪಿನ ಆರೋಗ್ಯ ವಿಚಾರಿಸುತ್ತಿದ್ದಾನೆ ಎಂದು ಎಲ್ಲರೂ ನಗುತ್ತಿದ್ದರು. ಅವಳೂ ನಕ್ಕಿದ್ದಳು.

"ಅಲ್ಲಿ ನಾನು ಕೂರ್ತೀನಮ್ಮ," ಎಂದು ಹುಡುಗಿಯ ಕೈಯಿಂದ ಕುರ್ಚಿ ತೆಗೆದುಕೊಂಡು, ಅವಳ ಕೆನ್ನೆ ತಟ್ಟಿ, "ನೀನು ಮುಂದೆ ಹೋಗು, ಕೈ ಚೆನ್ನಾಗಿ ಕಾಣುತ್ತೆ," ಎಂದಳು. ಕೂತಳು.

ದನಿ ಸೂಜಿಯ ಹಾಗೆ ಕಿವಿಯೊಳಗೆ ಇಳಿಯಿತು. ಹಲ್ಲಿನ ಬೇರಿನವರೆಗೂ ಹೋಯಿತು. ಹಾಡು ಅದೇ, ಅದರ ಮೈಯೆಲ್ಲ ತೆಗೆದು ಮೂಳೆಯನ್ನಷ್ಟೇ ಉಳಿಸಿದ ಹಾಗಿತ್ತು. ಅವಳು ಕೈ ಎತ್ತಲಿಲ್ಲ. ಮುಂದೆ ವೋಫ ಕಣ್ಣು ಮುಚ್ಚಿಕೊಂಡು ಮುಗುಳ್ನಗುತ್ತಾ ನುಡಿಸುತ್ತಿದ್ದರು. ಕೊನೆಯ ವರ್ಷಗಳಲ್ಲಿ ಅಪ್ಪನನ್ನು ಎಡಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ. ಬಲಗಡೆ ಬಂದು ಕರೆಯಬೇಕಾಗುತ್ತಿತ್ತು. ವಯಸ್ಸು ಎಂದುಕೊಂಡಿದ್ದರು. ಅವಳು ಅಪ್ಪನ ಹಾಗೆಯೇ ತಲೆಯನ್ನು ಸ್ವಲ್ಪ ಓರೆ ಮಾಡಿದಳು. ಹಾಗೆ ಮಾಡಿದರೆ ಒಂದು ಕಿವಿಯಾದರೂ ಉಳಿಯುತ್ತಿತ್ತು.

ಹಾಡಿನ ನಡುವೆ ಗಿಟಾರಿನದ್ದೇ ಆದ ಉದ್ದದ ಸರದಿ ಬಂದಾಗ ಫಿಫಿ ಮೈಕು ಬಿಟ್ಟು ಬಂದ. ಮುಖದ ತುಂಬ ನಗು. ಬಗ್ಗಿ ಏನೋ ಹೇಳಹೊರಟ. "ಆಂಪು ಗೆದ್ದುಬಿಡ್ತು ಅಕ್ಕಾ, ನಾನೇ ಸುಮ್ನೆ..."

ಅಷ್ಟರಲ್ಲಿ ದನಿ ಅವನ ಮುಖಕ್ಕೆ ಬಡಿಯಿತು. ಅವನ ಕೈ ಥಟ್ಟನೆ ಕಿವಿಗೆ ಹೋಯಿತು. ಮುಂದೆ ಕುಣಿಯುತ್ತಿದ್ದವರನ್ನು ನೋಡಿದ, ಯಾರೂ ಕಿವಿ ಮುಚ್ಚಿರಲಿಲ್ಲ. ತುದಿಗೆ ತಿರುಗಿದ್ದ ಗುಂಡಿಯನ್ನು ನೋಡಿದ. ಆಂಪಿನ ಹಿಂಬದಿಯ ಬಟ್ಟೆಯ ಪಟ್ಟಿ ಸಣ್ಣಗೆ ನಡುಗುತ್ತಿರುವುದನ್ನು ನೋಡಿದ. ಕಣ್ಣು ಮುಚ್ಚಿದ್ದ ವೋಫ ಅವರನ್ನು ಬಹಳ ಹೊತ್ತು ನೋಡಿದ. ಶಾಮಾದ ಮದುವೆಯ ಕತೆಯನ್ನು ಅವನೇ ಊರಿಗೆಲ್ಲ ಹೇಳಿ ನಗಿಸಿದವನು.

ಅವನು ಅರಬಾಳ ಕಡೆ ತಿರುಗಿದ. ವೋಫ ಕಣ್ಣು ತೆರೆಯುವ ಮೊದಲೇ ಫಿಫಿ ಕಿವಿಯಿಂದ ಕೈ ಇಳಿಸಿದ. ಹೋಗಿ ಹಾಡಿನ ಉಳಿದ ಸಾಲುಗಳನ್ನು ಹಾಡಿದ. ದನಿ ಎರಡು ಕಡೆ ಒಡೆಯಿತು.

ಮುಂದಿನ ಹಾಡನ್ನು ಹಾಡಲು ಕೀಬೋರ್ಡ್ ಹುಡುಗಿಯನ್ನು ನಿಲ್ಲಿಸಿ ಅವನು ಹಿತ್ತಿಲ ಕಡೆ ಹೋದ. ತಿರುಗಿ ಬಂದಾಗ ಒಂದು ಕೈಯಲ್ಲಿ ಕುರ್ಚಿ ಎಳೆದುಕೊಂಡು ಬರುತ್ತಿದ್ದ, ಇನ್ನೊಂದರಲ್ಲಿ ತಟ್ಟೆ ಇತ್ತು. ಕುರ್ಚಿಯನ್ನು ಅರಬಾಳ ಕುರ್ಚಿಗೆ ಅಂಟಿಸಿ ಹಾಕಿ, ತಾನೂ ಆ ದನಿಯ ದಾರಿಯಲ್ಲೇ ಕೂತ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ದೊಕೊನೊ ಕಡುಬಿಗೆ ಸುತ್ತಿದ ಬಾಳೆಲೆಯನ್ನು ಪದರ ಪದರವಾಗಿ ಬಿಡಿಸಿದ. ಕರಿದ ಮೀನಿನ ನಡುಮುಳ್ಳು ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ತಟ್ಟೆಯನ್ನು ಅವಳ ಕೈಗಿತ್ತ.